ಎರಡು ಸಲ ಬರೆದ ಹತ್ತೊಂಬತ್ತು

“ಫ್ಯಾನ್ ಆಫ್ ಮಾಡ್ಲಾ ಅಂಕಲ್?” ಎಂದು ವಿಸ್ಮಿತಾ ಕೇಳಿದಳು.

“ಯಾಕೆ, ಚಳಿಯಾ?”

“ಅಲ್ಲ. ಅಭ್ಯಾಸ. ಅಪ್ಪ ಡಿಸ್ಕ್ ಕೈಗೆ ತಗೊಂಡ ಕೂಡ್ಲೆ ನಾನು ಓಡಿ ಹೋಗಿ ಫ್ಯಾನ್ ಆಫ್ ಮಾಡ್ತಿದ್ದೆ. ಧೂಳು ಕೂತರೆ ಚಿತ್ರ ಹಾಳಾಗ್ತದೆ ಅಂತ.”

ನಾನೇ ಎದ್ದು ಫ್ಯಾನ್ ನಿಲ್ಲಿಸಿದೆ. ಕೆಳಗಿನ ಬೇಕರಿಯಿಂದ ಬನ್ನು ಬೇಯುವ ವಾಸನೆ ಮಾಳಿಗೆಗೆ ಏರಿ ಬರುತ್ತಿತ್ತು. ಕಿಟಕಿಯ ಬಳಿ ಎಳೆದಿಟ್ಟ ನನ್ನ ಮೇಜಿನ ಮೇಲೆ ಹನ್ನೆರಡು ಡಿಸ್ಕುಗಳು ಸಾಲಾಗಿ ಬಿದ್ದಿದ್ದವು.

ಪಾಣೆಮಂಗಳೂರಿನ ಹಳೇ ಸೇತುವೆಯ ಮೇಲೆ ಬೈಕ್ ನಿಲ್ಲಿಸಿ ಕಾಣೆಯಾದ ವಿಡಿಯೋಗ್ರಾಫರ್ ಧರ್ಣಪ್ಪ ಗೌಡನ ಹೆಸರಿನಲ್ಲಿ, ಅವನ ಮಗಳ ಪ್ರತಿ ಹುಟ್ಟುಹಬ್ಬಕ್ಕೆ ಒಂದರಂತೆ ಅಂಚೆಯಲ್ಲಿ ಬಂದವು ಇವು. ಅವನು ಹೋದಾಗ ಇವಳಿಗೆ ಒಂಬತ್ತು ವರ್ಷ. ಈಗ ಇಪ್ಪತ್ತೊಂದು.

ಆ ದಿನ ಸೇತುವೆಯ ಮೇಲೆ ನಿಂತು ಮಹಜರು ಬರೆದ ಹೆಡ್ ಕಾನ್‌ಸ್ಟೇಬಲ್ ಕಮಲಾಕ್ಷ ಶೆಟ್ಟಿ ನಾನೇ. ‘ನದಿಗೆ ಹಾರಿರುವ ಸಾಧ್ಯತೆ’ ಎಂದು ಬರೆದಿದ್ದೆ. ನೇತ್ರಾವತಿ ತುಂಬಿ ಹರಿಯುತ್ತಿತ್ತು, ಹೆಣ ಸಿಗಲಿಲ್ಲ. ನಿವೃತ್ತನಾಗಿ ಮೂಡುಬಿದಿರೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಇಟ್ಟುಕೊಂಡು ಊರವರ ಸಣ್ಣಪುಟ್ಟ ಪತ್ತೆ ಕೆಲಸ ಮಾಡುತ್ತಿದ್ದವನನ್ನು ಆ ಹುಡುಗಿ ಹುಡುಕಿಕೊಂಡು ಬಂದದ್ದು ಆ ಮೂರು ಪದಗಳಿಂದಾಗಿ.

“ಅಂಕಲ್, ಇವತ್ತು ಗುರುವಾರ,” ಎಂದಳು.

“ಗೊತ್ತುಂಟು.”

“ಭಾನುವಾರ ಬೊಜ್ಜ.”

ಅದೂ ಗೊತ್ತಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ತಿಳಿದು, ದರ್ಭೆಯಲ್ಲಿ ಮನುಷ್ಯನ ರೂಪ ಕಟ್ಟಿ ಸುಟ್ಟು, ಉತ್ತರಕ್ರಿಯೆ ಮುಗಿಸುವ ಪದ್ಧತಿ ನಮ್ಮಲ್ಲಿದೆ. ಅದು ಮುಗಿದ ಮೇಲೆ ಅವನು ಬಾಗಿಲಿಗೆ ಬಂದು ನಿಂತರೂ ಒಳಗೆ ಕರೆಯುವವರಿಲ್ಲ. ದಿನ ನಿಶ್ಚಯಿಸಿದವರು ಧರ್ಣಪ್ಪನ ತಾಯಿ ಸೇಸಮ್ಮ. ತಾಯಿಯಿಲ್ಲದ ವಿಸ್ಮಿತಾಳನ್ನು ಕಕ್ಕಿಂಜೆಯ ಮನೆಯಲ್ಲಿ ಸಾಕಿ ದೊಡ್ಡ ಮಾಡಿದವರೂ ಅವರೇ. ಅಪ್ಪ ಬದುಕಿದ್ದರೆ ಆ ದರ್ಭೆಗೆ ಬೆಂಕಿ ಇಡುವ ಮೊದಲು ತಿಳಿಯಬೇಕು ಎಂಬುದೊಂದೇ ಇವಳ ಬೇಡಿಕೆ.

“ಇಲ್ಲಿಗೆ ಬಂದದ್ದು ಅಜ್ಜಿಗೆ ಗೊತ್ತುಂಟಾ?”

“ಇಲ್ಲ. ಗುರುವಾರ ಅಲ್ವಾ, ಅವರು ಕಣ್ಣಿನ ಡಾಕ್ಟರ ಹತ್ರ ಬೆಳ್ತಂಗಡಿಗೆ ಹೋಗ್ತಾರೆ. ನಾನು ಉಜಿರೆಗೆ ಮೆಡಿಕಲಿಗೆ ಕೆಲಸಕ್ಕೆ ಹೋದೆ ಅಂತ ತಿಳ್ಕೊಂಡಿದ್ದಾರೆ.”

“ವಾರ ವಾರ ಡಾಕ್ಟರಾ?”

“ಹೌದು. ಕಣ್ಣು ಮಾತ್ರ ಮೊದಲಿನ ಹಾಗೇ ಉಂಟು.”

ನಾನು ಭೂತಗನ್ನಡಿ ತೆಗೆದೆ. ನಿವೃತ್ತಿಯ ದಿನ ಸ್ಟೇಷನ್ನಿನವರು ಶಾಲು, ಹಣ್ಣಿನ ಬುಟ್ಟಿಯ ಜೊತೆ ತಮಾಷೆಗೆಂದು ಕೊಟ್ಟದ್ದು. ಹಣ್ಣು ಮುಗಿಯಿತು, ಶಾಲು ಯಾರಿಗೋ ಹೋಯಿತು, ಇದೊಂದು ಉಳಿಯಿತು.

ನಾವೆಲ್ಲ ಡಿಸ್ಕಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚುತ್ತಿದ್ದ ಕಾಲದಲ್ಲಿ ಧರ್ಣಪ್ಪ ಮದುವೆಯ ಡಿಸ್ಕುಗಳ ಮೇಲೆ ಮದುಮಕ್ಕಳ ಮುಖವನ್ನೇ ಮೂಡಿಸಿ ಕೊಡುತ್ತಿದ್ದ. ಅದಕ್ಕೆ ಬೇರೆಯದೇ ಡ್ರೈವ್, ಬೇರೆಯದೇ ಡಿಸ್ಕ್. ಒಳಗಿನದನ್ನು ತುಂಬಿಸಿದ ಮೇಲೆ ಡಿಸ್ಕನ್ನು ತೆಗೆದು ಮಗುಚಿ ಹಾಕಬೇಕು. ಆಗ ಅದೇ ಲೇಸರು ಮೇಲಿನ ಲೇಪವನ್ನು ಸುಟ್ಟು ಕಂದು ಬಣ್ಣದ ಚಿತ್ರ ಬರೆಯುತ್ತದೆ. ಶಾಯಿಯೂ ಇಲ್ಲ, ಅಂಟಿಸುವ ಕಾಗದವೂ ಇಲ್ಲ.

ಹನ್ನೆರಡರಲ್ಲೂ ಒಂದೇ ಚಿತ್ರವಿತ್ತು. ಎರಡು ಜಡೆಯ ಹುಡುಗಿ, ತನಗಿಂತ ದೊಡ್ಡ ಸೈಕಲ್ಲು, ಕೆಳಗೆ ವಯಸ್ಸಿನ ಅಂಕಿ. ಹತ್ತು, ಹನ್ನೊಂದು, ಹನ್ನೆರಡು, ಹೀಗೆ ಇಪ್ಪತ್ತೊಂದರವರೆಗೆ. ಹುಡುಗಿ ಮಾತ್ರ ಒಂಬತ್ತರಲ್ಲೇ ನಿಂತಿದ್ದಳು.

ಮೊದಲಿನ ಒಂಬತ್ತು ಡಿಸ್ಕುಗಳಲ್ಲಿ ಅವನ ಮಾತಿದೆ. ಐದೈದು ನಿಮಿಷ. ಸೈಕಲ್ಲಿನ ಚೈನು ತಪ್ಪಿದರೆ ಹಾಕುವುದು ಹೇಗೆ, ಅಜ್ಜಿಯ ಸಿಟ್ಟು ಇಳಿಸುವುದು ಹೇಗೆ, ಅಂಥವು. ಕೊನೆಯ ಮೂರರಲ್ಲಿ ಮಾತಿಲ್ಲ. ಒಂದು ಕೋಣೆಯ ಸದ್ದು, ದೂರದಲ್ಲಿ ವಾಹನ, ಹತ್ತಿರದಲ್ಲಿ ಯಾರೋ ಉಸಿರಾಡುವುದು. ನಾಲ್ಕು ನಿಮಿಷ ಹಾಗೇ ಇದ್ದು ನಿಂತುಹೋಗುತ್ತದೆ.

ಆ ಉಸಿರನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಪತ್ತೆಗೆಂದು ಕೇಳಿದ್ದು ಮೊದಲ ನಾಲ್ಕೈದು ಸಲ ಮಾತ್ರ. ನನ್ನ ಹೆಂಡತಿ ಕಾಂತಿ ತೀರಿಹೋಗಿ ಆರು ವರ್ಷವಾಯಿತು. ಅವಳ ಧ್ವನಿ ನನ್ನ ಬಳಿ ಎಲ್ಲಿಯೂ ಇಲ್ಲ. ಫೋಟೋ ಇದೆ, ಕನ್ನಡಕ ಇದೆ, ಧ್ವನಿಯನ್ನು ತೆಗೆದಿಡಬೇಕೆಂದು ತೋಚಲೇ ಇಲ್ಲ. ಈ ಹುಡುಗಿಯ ಮೇಲೆ ನನಗೆ ಕನಿಕರ ಇದ್ದಷ್ಟೇ ಹೊಟ್ಟೆಕಿಚ್ಚೂ ಇತ್ತು.

“ಎಂತ ಕಂಡಿತು?” ಎಂದು ವಿಸ್ಮಿತಾ ಕೇಳಿದಳು.

“ನೀನೇ ನೋಡು. ಹದಿನೆಂಟು ಮತ್ತು ಹತ್ತೊಂಬತ್ತು. ಸೈಕಲ್ ಬಿಡು, ಅಂಕಿ ನೋಡು.”

ಅವಳು ಬಗ್ಗಿ ನೋಡಿದಳು. ಹದಿನೆಂಟರ ಡಿಸ್ಕಿನಲ್ಲಿ ಸೈಕಲ್ಲು ಕಡುಕಂದು, ಅಂಕಿ ಹಾಲು ಹೆಚ್ಚಾದ ಚಹಾದ ಬಣ್ಣ. ಹತ್ತೊಂಬತ್ತರಲ್ಲಿ ಸೈಕಲ್ಲೂ ಅಂಕಿಯೂ ಒಂದೇ ಕಡುಕಂದು.

“ಬಾಕಿದ್ದು?”

“ಹತ್ತರಿಂದ ಹದಿನೆಂಟರವರೆಗೆ ಎಲ್ಲ ಅಂಕಿಯೂ ಪೇಲವ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಮೂರೂ ಕಪ್ಪು. ಒಂದೇ ಡಬ್ಬಿಯಲ್ಲಿ ಕತ್ತಲೆಯಲ್ಲಿ ಇಟ್ಟದ್ದು ಅಲ್ವಾ ನೀನು?”

“ಬಿಸ್ಕಿಟ್ ಡಬ್ಬಿಯಲ್ಲಿ. ಬಿಸಿಲಿಗೆ ಇಟ್ಟರೆ ಚಿತ್ರ ಮಾಸ್ತದೆ ಅಂತ ಅಪ್ಪ ಹೇಳಿದ್ದರು.”

ಹಾಗಾದರೆ ಬಿಸಿಲಿನ ಕೆಲಸವಲ್ಲ. ನಾನು ಭೂತಗನ್ನಡಿ ಕೆಳಗಿಟ್ಟೆ. “ಒಂದೇ ಡಿಸ್ಕಿನಲ್ಲಿ ಚಿತ್ರ ಕಪ್ಪು, ಅಂಕಿ ಪೇಲವ ಆಗುದು ಹೇಗೆ?”

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಕುಳಿತಳು. ಮುಖದಲ್ಲಿ ಏನೋ ನೆನಪಾದ ಕಳೆಯಿತ್ತು.

“ಅಪ್ಪ ಎರಡು ಸಲ ಬರೆಸ್ತಿದ್ದರು,” ಎಂದಳು. “ಒಂದು ಸಲಕ್ಕೆ ಅರ್ಧ ಗಂಟೆ. ಮುಗಿದ ಮೇಲೆ ಚಹಾ ಕುಡಿದು, ಅದೇ ಡಿಸ್ಕನ್ನು ಮತ್ತೆ ಮೋರೆ ಕೆಳಗೆ ಮಾಡಿ ಹಾಕಿ ಇನ್ನೊಂದು ಸಲ. ಒಂದೇ ಸಲ ಬರೆದರೆ ಪೇಲವ ಅಂತ. ಡಿಸ್ಕಿನ ನಡುವೆ ತೂತಿನ ಸುತ್ತ ಸಣ್ಣ ಸಣ್ಣ ಗೆರೆ ಉಂಟಲ್ಲ ಅಂಕಲ್, ಅದನ್ನು ನೋಡಿ ಮಿಶಿನ್ ಸರಿಯಾಗಿ ಮೊದಲಿನ ಜಾಗಕ್ಕೇ ಬರ್ತದೆ. ಒಂದು ಕೂದಲು ಆಚೀಚೆ ಆಗುದಿಲ್ಲ.”

“ಅಂದ್ರೆ ಒಮ್ಮೆ ಬರೆದದ್ದಕ್ಕೆ ಆಮೇಲೆ ಸೇರಿಸ್ಲಿಕ್ಕೂ ಆಗ್ತದೆ.”

“ಹೌದು. ಅಳಿಸ್ಲಿಕ್ಕೆ ಆಗುದಿಲ್ಲ, ಸೇರಿಸ್ಲಿಕ್ಕೆ ಆಗ್ತದೆ. ಆ ಒಂದು ಗಂಟೆ ಅಜ್ಜಿ ಮಿಕ್ಸಿ ಹಾಕುವ ಹಾಗೆ ಇರ್ಲಿಲ್ಲ. ಕರೆಂಟು ಏರಿಳಿದರೆ ಡಿಸ್ಕ್ ಹೋಗ್ತದೆ. ಅಜ್ಜಿ ಬೈದುಕೊಂಡು ಕಡೆಯುವ ಕಲ್ಲಲ್ಲಿ ಚಟ್ನಿ ಅರೀತಿದ್ದರು.”

ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುಕ್ಷಣ ನಗು ಹೋಯಿತು, ಯಾಕೆಂದರೆ ನಾನು ಹೇಳಬೇಕಾದದ್ದು ಅವಳಿಗೂ ಹೊಳೆದಿತ್ತು.

ಮೊದಲಿನ ಒಂಬತ್ತು ಡಿಸ್ಕುಗಳ ಚಿತ್ರ ಬರೆದವನು ಬೇರೆ, ಅಂಕಿ ಸೇರಿಸಿದವನು ಬೇರೆ. ಕೊನೆಯ ಮೂರರಲ್ಲಿ ಎರಡನ್ನೂ ಬರೆದದ್ದು ಎರಡು ಸಲ ಬರೆಯುವ ಅಭ್ಯಾಸದವನು.

ಅಂಚೆಯ ಮುದ್ರೆಗಳೂ ಹಾಗೇ ಇದ್ದವು. ಒಂಬತ್ತು ಕವರುಗಳ ಮೇಲೆ ಬೆಳ್ತಂಗಡಿ, ಮೂರರ ಮೇಲೆ ಮೂಡುಬಿದಿರೆ. ಪೋಸ್ಟ್ ಡಬ್ಬಿಗೆ ದಾರಿಹೋಕರೂ ಕಾಗದ ಹಾಕಬಹುದೆಂದು ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೂವತ್ತು ವರ್ಷ ಪೊಲೀಸಿನಲ್ಲಿದ್ದವನ ಬುದ್ಧಿ ಇಷ್ಟು.

“ಅಪ್ಪ ಅಲ್ಲದೆ ಆ ಮಿಶಿನ್ ಯಾರಿಗೆ ಗೊತ್ತಿತ್ತು?”

“ಅಶ್ವಿತಣ್ಣನಿಗೆ.”

“ಬೆಳ್ತಂಗಡಿಗೆ ಬಸ್ಸು ಉಂಟಲ್ಲ. ಹೋಗುವ,” ಎಂದೆ.

*

ಅಶ್ವಿತ್‌ನ ಸ್ಟುಡಿಯೋ ಬೆಳ್ತಂಗಡಿಗೆ ತಾಗಿದ ಲಾಯಿಲದಲ್ಲಿದೆ. ಒಂದು ಕಾಲದಲ್ಲಿ ಅದು ಧರ್ಣಪ್ಪನದೇ ಆಗಿತ್ತು. ಕ್ಯಾಮರಾ ಹೊತ್ತು ಅವನ ಜೊತೆ ಮದುವೆ ಮದುವೆ ತಿರುಗಿದ ಅಶ್ವಿತ್‌ಗೆ ಈಗ ನಲವತ್ತರ ಹತ್ತಿರ. ಮದುವೆಯವರು ಡಿಸ್ಕ್ ಕೇಳುವುದನ್ನು ಬಿಟ್ಟು ಕಾಲವಾಯಿತು, ಅಂಗಡಿ ನಡೆಯುವುದು ಝೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೋದಲ್ಲಿ.

ನಾವು ಹೋದಾಗ ಅವನು ಯಾರದೋ ಆಧಾರ್ ಕಾರ್ಡನ್ನು ಲ್ಯಾಮಿನೇಶನ್ ಮಿಶಿನಿಗೆ ತೂರಿಸುತ್ತಿದ್ದ. ವಿಸ್ಮಿತಾಳನ್ನು ಕಂಡು ನಕ್ಕ. ಅವಳ ಹಿಂದೆ ನನ್ನನ್ನು ಕಂಡು ನಗು ಅರ್ಧಕ್ಕೆ ಬಿಟ್ಟ.

“ಶೆಟ್ರೆ, ನನಗೆ ಗೊತ್ತಿದ್ದದ್ದೆಲ್ಲ ಮೊನ್ನೆಯೇ ಹೇಳಿಯಾಯ್ತಲ್ಲ.”

“ಹೇಳಿದ್ದೀಯ. ಇವತ್ತು ಕೇಳ್ಲಿಕ್ಕೆ ಬಂದದ್ದಲ್ಲ ಮಾರಾಯ, ಒಂದು ಕೆಲಸ ಆಗ್ಬೇಕಿತ್ತು.” ನಾನು ಹದಿನೆಂಟರ ಡಿಸ್ಕನ್ನು ಕೌಂಟರಿನ ಗಾಜಿನ ಮೇಲೆ ಇಟ್ಟೆ. “ಇದರ ಅಂಕಿ ಮಾಸಿದೆ. ಇನ್ನೊಂದು ಸಲ ಬರೆಸಿ ಕಪ್ಪು ಮಾಡಿ ಕೊಡ್ತೀಯಾ?”

“ಎಲ್ಲಿಂದ ಬರೆಸುದು? ಆ ಮಿಶಿನ್ ಇಲ್ಲಿಂದ ಹೋಗಿಯೇ ಎರಡೂವರೆ ವರ್ಷ ಆಯ್ತು.”

ಹೇಳಿದ ಮೇಲೆ ಅವನ ಕೈ ನಿಂತಿತು. ಆಧಾರ್ ಕಾರ್ಡು ಮಿಶಿನಿನ ಆ ಕಡೆಯಿಂದ ಹೊರಗೆ ಬಂದು ನೆಲಕ್ಕೆ ಬಿತ್ತು. ಹೆಕ್ಕಲು ಅವನು ಬಗ್ಗಲಿಲ್ಲ.

“ಮೊನ್ನೆ ಬೇರೆ ಹೇಳಿದ್ದಿ,” ಎಂದೆ. “ಧರ್ಣಪ್ಪ ಹೋಗುವಾಗಲೇ ಮಿಶಿನ್ ತಗೊಂಡು ಹೋದದ್ದು ಅಂತ. ಹನ್ನೆರಡು ವರ್ಷದ ಹಿಂದೆ.”

ಅಶ್ವಿತ್ ಸ್ಟೂಲಿನ ಮೇಲೆ ಕುಳಿತ. ರಸ್ತೆಯಲ್ಲಿ ಉಜಿರೆಯ ಕಡೆಗೆ ಒಂದರ ಹಿಂದೆ ಒಂದು ವಾಹನ ಹೋಗುತ್ತಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಕೆಲವರು ಕೂಗುತ್ತಾರೆ, ಕೆಲವರು ನೀರು ಕೇಳುತ್ತಾರೆ. ಇವನ ಮುಖದಲ್ಲಿ ದೊಡ್ಡ ಹೊರೆಯೊಂದನ್ನು ಇಳಿಸಿದ ಸುಸ್ತು ಕಂಡಿತು.

“ಒಂಬತ್ತು ಡಿಸ್ಕ್ ಕೊಟ್ಟಿದ್ದರು,” ಎಂದ. ಅವನು ನನ್ನನ್ನು ನೋಡುತ್ತಿರಲಿಲ್ಲ, ವಿಸ್ಮಿತಾಳನ್ನೂ ನೋಡುತ್ತಿರಲಿಲ್ಲ. “ಹೋಗುವ ಹಿಂದಿನ ದಿನ. ಚಿತ್ರ ಅವರೇ ಬರೆಸಿದ್ದು, ಮಾತೂ ಅವರದ್ದೇ. ಕವರಿನ ಮೇಲೆ ಪೆನ್ಸಿಲಲ್ಲಿ ಯಾವ ವರ್ಷದ್ದು ಅಂತ ಇತ್ತು. ಡಿಸ್ಕಿನ ಮೇಲೆ ಅಂಕಿ ಹಾಕಿರ್ಲಿಲ್ಲ.”

“ಯಾಕೆ?”

“ನಾನೂ ಕೇಳಿದೆ. ‘ನಡುವೆ ಎಲ್ಲಿಯಾದರೂ ನಾನು ತಿರುಗಿ ಬಂದರೆ ನಾನೇ ಕೈಯಾರೆ ಕೊಡ್ತೇನೆ, ಮೊದಲೇ ಅಂಕಿ ಹಾಕಿದ್ರೆ ಬರುದಿಲ್ಲ ಅಂತ ಬರೆದಿಟ್ಟ ಹಾಗಾಗ್ತದೆ’ ಅಂದ್ರು. ಕಳಿಸುವ ದಿನ ನೀನು ಅಂಕಿ ಬರೆಸು, ಮೊದಲು ಬೇಡ ಅಂತ. ಎಲ್ಲಿಗೆ ಹೋಗ್ತೀರಿ ಅಂದ್ರೆ ಹೇಳ್ಲಿಲ್ಲ. ಮಾರನೆ ದಿನ ಸೇತುವೆಯಲ್ಲಿ ಬೈಕ್ ಸಿಕ್ಕಿತು.”

“ಅಂಕಿ ಒಂದೇ ಸಲ ಬರೆದದ್ದು ನೀನು.”

“ಒಂದು ಅಂಕಿಗೆ ಯಾರು ಎರಡು ಸಲ ಕೂರ್ತಾರೆ ಶೆಟ್ರೆ? ಅವರೊಬ್ಬರೇ ಹಾಗೆ ಮಾಡ್ತಿದ್ದದ್ದು.”

ವಿಸ್ಮಿತಾ ಕೌಂಟರಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

“ಅಶ್ವಿತಣ್ಣ,” ಎಂದಳು. “ಡಿಸ್ಕ್ ಬಂದ ದಿನ ನಾನು ಮೊದಲು ಇಲ್ಲಿಗೇ ಓಡಿ ಬರ್ತಿದ್ದೆ. ನಮ್ಮ ಮನೆಯಲ್ಲಿ ಪ್ಲೇಯರ್ ಹಾಳಾಗಿತ್ತು. ನಿಮ್ಮ ಕಂಪ್ಯೂಟರಲ್ಲೇ ಕೇಳ್ತಿದ್ದದ್ದು.”

“ಹೌದು.”

“ನೀವು ಅಂಗಡಿಯ ಹೊರಗೆ ಹೋಗಿ ನಿಲ್ತಿದ್ದಿರಿ. ನನಗೆ ಒಬ್ಬಳಿಗೇ ಕೇಳ್ಲಿಕ್ಕೆ ಬಿಟ್ಟದ್ದು ಅಂತ ನಾನು ತಿಳ್ಕೊಂಡಿದ್ದೆ.”

ಅವನು ಗಾಜಿನ ಮೇಲಿದ್ದ ಡಿಸ್ಕನ್ನು ಅವಳ ಕಡೆಗೆ ಸರಿಸಿದ. ಒಂಬತ್ತು ವರ್ಷ, ಅಪ್ಪ ಎಲ್ಲಿಂದಲೋ ಕಳಿಸಿದ ಎಂದು ಕುಣಿದುಕೊಂಡು ಬಂದ ಹುಡುಗಿಯ ಎದುರು, ಮೊನ್ನೆ ತಾನೇ ಅಂಚೆಗೆ ಹಾಕಿದ ಕವರನ್ನು ಅವನು ಮೊದಲ ಸಲ ನೋಡುವವನಂತೆ ನೋಡಬೇಕಿತ್ತು. ಅವನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಬಾಯಿ ಬಿಟ್ಟು ಹೇಳಲಾಗದ ಮಾತನ್ನು ಹೊತ್ತು ಬದುಕುವುದು ಎಂಥ ಒಂಟಿತನ ಎಂದು ನನಗೂ ಗೊತ್ತು.

“ಹದಿನೆಂಟಕ್ಕೆ ಯಾಕೆ ನಿಂತಿತು?” ಎಂದು ಕೇಳಿದೆ.

“‘ಹದಿನೆಂಟಾದರೆ ಅವಳು ದೊಡ್ಡವಳು, ಮತ್ತೆ ಬೇಡ’ ಅಂದಿದ್ದರು. ಒಂಬತ್ತನೇದು ಕಳಿಸಿ ನಾನು ಕೈ ತೊಳ್ಕೊಂಡೆ. ಆಮೇಲೆ ವರ್ಷ ಕಳೆದು ವಿಸ್ಮಿ ಒಂದು ಡಿಸ್ಕ್ ಹಿಡ್ಕೊಂಡು ಬಂದಳು. ಹತ್ತೊಂಬತ್ತು. ನನಗೆ ಕೈಕಾಲು ತಣ್ಣಗಾಯ್ತು.”

“ಆಶ್ಚರ್ಯದಿಂದಲಾ?”

“ಅಲ್ಲ.”

“ಮಿಶಿನ್ ಯಾರ ಕೈಗೆ ಹೋಗಿತ್ತು ಅಂತ ನಿನಗೆ ಗೊತ್ತಿತ್ತು.”

ಅವನು ಎದ್ದು ಒಳಗೆ ಹೋದ. ಮೇಜಿನ ಖಾನೆ ಎಳೆದ ಸದ್ದು ಕೇಳಿತು. ಬರುವಾಗ ಕೈಯಲ್ಲಿ ಒಂದು ಚೀಟಿಯಿತ್ತು. ನಾಲ್ಕಾಗಿ ಮಡಚಿದ್ದ ಕಾಗದ ಹರಿಯಬಾರದೆಂದು ಅದನ್ನು ಬಿಡಿಸಿ ಲ್ಯಾಮಿನೇಟ್ ಮಾಡಿಟ್ಟಿದ್ದ. ಗುಟ್ಟನ್ನು ಲ್ಯಾಮಿನೇಟ್ ಮಾಡಿಸಿ ಇಡುವ ಮನುಷ್ಯ ಲಾಯಿಲದಲ್ಲಿ ಮಾತ್ರ ಸಿಕ್ಕಾನು.

“ಸೇಸಜ್ಜಿ ತಂದದ್ದು,” ಎಂದ. “ವಿಸ್ಮಿಗೆ ಹತ್ತೊಂಬತ್ತು ತುಂಬುವ ಎರಡು ತಿಂಗಳ ಮೊದಲು. ಒಬ್ಬರೇ ಬಂದಿದ್ದರು. ಚೀಟಿ ಕೊಟ್ಟು, ಇದರಲ್ಲಿ ಬರೆದದ್ದನ್ನು ಕೊಡು ಅಂದ್ರು. ಬೇರೆ ಒಂದು ಮಾತೂ ಆಡ್ಲಿಲ್ಲ.”

ನಾನು ಕನ್ನಡಕ ಹಾಕಿಕೊಂಡು ಓದಿದೆ. ನೀಲಿ ಬಾಲ್‌ಪೆನ್ನಿನ ಅಕ್ಷರ ಎಡಕ್ಕೆ ವಾಲಿತ್ತು.

‘ಅಶ್ವಿತ್, ಚಿತ್ರ ಬರೆಯುವ ಡ್ರೈವ್, ಅದರ ವಯರು, ಉಳಿದ ಖಾಲಿ ಡಿಸ್ಕುಗಳು, ಸೈಕಲ್ಲಿನ ಫೋಟೋ ಇರುವ ಸಿಡಿ, ಇಷ್ಟನ್ನು ಅಮ್ಮನ ಚೀಲಕ್ಕೆ ಹಾಕಿ ಕೊಡು. ಯಾರಿಗೂ ಹೇಳಬೇಡ. ಅಮ್ಮನನ್ನು ಹನ್ನೆರಡೂವರೆಯ ಮೂಡುಬಿದಿರೆ ಬಸ್ಸಿಗೆ ಹತ್ತಿಸು. ಅವಳಿಗೆ ಬೋರ್ಡು ಓದಲು ಬರುವುದಿಲ್ಲ. ಕೊನೆಯ ಸ್ಟಾಪಿನಲ್ಲಿ ಇಳಿಸಲು ಕಂಡಕ್ಟರಿಗೆ ಹೇಳು.’

ಸಹಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ವಿಸ್ಮಿತಾ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಷರಗಳ ಮೇಲೆ ಹೆಬ್ಬೆರಳು ಓಡಿಸಿದಳು. ಪ್ಲಾಸ್ಟಿಕ್ಕಿನ ಮೇಲೆ ಅವಳ ಬೆರಳು ಜಾರುತ್ತಿತ್ತು.

“ನನ್ನ ಶಾಲೆಯ ಪುಸ್ತಕಗಳಿಗೆ ಹೆಸರು ಬರೆದುಕೊಡ್ತಿದ್ದದ್ದು ಇದೇ ಅಕ್ಷರದಲ್ಲಿ,” ಎಂದಳು.

ನನ್ನ ತಲೆಯಲ್ಲಿ ಆ ಮೂರು ಪದಗಳು ಬಂದು ನಿಂತವು. ನದಿಗೆ ಹಾರಿರುವ ಸಾಧ್ಯತೆ. ಹಾರಿದವನು ಹತ್ತು ವರ್ಷದ ಮೇಲೆ ವಯರು ಕೇಳಿ ಚೀಟಿ ಬರೆದಿದ್ದ.

“ಅಶ್ವಿತ್, ಭಾನುವಾರ ಬೊಜ್ಜ ಅಂತ ನಿನಗೂ ಹೇಳಿಕೆ ಬಂದಿರ್ಬೇಕು.”

“ಬಂದಿದೆ. ಅಜ್ಜಿಯೇ ಬಂದು ಹೇಳಿದ್ದು.”

“ಮನುಷ್ಯ ಬದುಕಿದ್ದಾನೆ ಅಂತ ಗೊತ್ತಿದ್ದೂ ಸುಮ್ಮನೆ ಕೂತದ್ದಾ?”

“ಈಗ ತೀರಿಹೋದರೇನೋ ಅಂತ ನಾನು ತಿಳ್ಕೊಂಡದ್ದು ಶೆಟ್ರೆ.” ಅವನು ಬಗ್ಗಿ ಆ ಆಧಾರ್ ಕಾರ್ಡನ್ನು ಹೆಕ್ಕಿದ. “ಅಲ್ಲದಿದ್ರೆ ಹೆತ್ತ ತಾಯಿ ಮಗನ ಬೊಜ್ಜಕ್ಕೆ ದಿನ ಇಡ್ತಾರಾ? ಕೇಳುವ ಅಂತ ಅಜ್ಜಿಯ ಹಿಂದೆ ರಸ್ತೆಯವರೆಗೆ ಹೋದೆ. ಬಾಯಿ ಬರ್ಲಿಲ್ಲ.”

ವಿಸ್ಮಿತಾಳ ಮುಖ ನೋಡಲು ನನ್ನಿಂದಾಗಲಿಲ್ಲ. ಅಪ್ಪ ಬದುಕಿದ್ದಾನೆಂದು ಅವಳಿಗೆ ತಿಳಿದು ಒಂದು ನಿಮಿಷ ಆಗಿರಲಿಲ್ಲ, ಅಷ್ಟರಲ್ಲಿ ಅವನು ಮತ್ತೆ ಸತ್ತಿರಬಹುದಿತ್ತು.

“ಇಲ್ಲ,” ಎಂದೆ. ನನಗೂ ಧೈರ್ಯ ಬೇಕಿತ್ತು, ಅದಕ್ಕೇ ಗಟ್ಟಿಯಾಗಿ ಹೇಳಿದೆ. “ಇಪ್ಪತ್ತೊಂದನೇ ಡಿಸ್ಕ್ ಬಂದು ಎರಡು ತಿಂಗಳಾಯ್ತು. ಬೊಜ್ಜದ ದಿನ ನಿಶ್ಚಯ ಆದದ್ದು ಯಾವಾಗ ಮಗಾ?”

“ನನ್ನ ಹುಟ್ಟುಹಬ್ಬದ ಮಾರನೆ ವಾರ.”

“ಅದರ ನಂತರ ಅಜ್ಜಿ ಗುರುವಾರದ ಡಾಕ್ಟರನ್ನು ಬಿಟ್ಟದ್ದುಂಟಾ?”

ಅವಳು ನಿಧಾನವಾಗಿ ತಲೆಯಾಡಿಸಿದಳು. “ಒಂದು ವಾರವೂ ಬಿಡ್ಲಿಲ್ಲ.”

“ಇವತ್ತೂ?”

“ಬೆಳಿಗ್ಗೆ ಬುತ್ತಿ ಕಟ್ಟುತ್ತಿದ್ದರು. ಡಾಕ್ಟರಲ್ಲಿ ಕಾಯ್ಲಿಕ್ಕೆ ಉಂಟು, ಹ—” ಅವಳು ಅಲ್ಲಿಗೇ ನಿಲ್ಲಿಸಿದಳು. ಹಸಿವಾಗುತ್ತದೆ ಎಂದು ಅಜ್ಜಿ ಹೇಳಿದ್ದ ಮಾತನ್ನು ಅವಳು ಈಗ ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಳು.

ಅಂಗಡಿಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಹದಿನೆಂಟು ನಿಮಿಷವಾಗಿತ್ತು.

ಅಶ್ವಿತ್ ಬೈಕಿನ ಕೀ ತೆಗೆದ. ಆಮೇಲೆ ನಾವು ಮೂವರಿರುವುದನ್ನು ಕಂಡು ಕೀ ಮೇಜಿನ ಮೇಲಿಟ್ಟು, ರಸ್ತೆಗೆ ಇಳಿದು ಒಂದು ರಿಕ್ಷಾಕ್ಕೆ ಕೈ ಅಡ್ಡ ಹಿಡಿದ. ನಾವು ಹತ್ತಿದೆವು. ಅವನು ಹತ್ತಲಿಲ್ಲ.

“ಅವರನ್ನು ಕಂಡರೆ,” ಎಂದ, ರಿಕ್ಷಾದ ಕಂಬಿ ಹಿಡಿದು. “ಒಂಬತ್ತೂ ಸರಿಯಾದ ದಿನಕ್ಕೇ ಕಳಿಸಿದ್ದೇನೆ ಅಂತ ಹೇಳಿ.”

*

ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಬಸ್ಸು ಆಗಲೇ ಸ್ಟಾರ್ಟ್ ಆಗಿ ನಿಂತಿತ್ತು. “ಗುರುವಾಯನಕೆರೆ, ವೇಣೂರು, ಮೂಡುಬಿದ್ರೆ” ಎಂದು ಕಂಡಕ್ಟರ್ ಕೂಗುತ್ತಿದ್ದ. ನಾನು ವಾರಕ್ಕೆ ಎರಡು ಸಲವಾದರೂ ಹತ್ತುವ ಬಸ್ಸು ಅದು. ಇಷ್ಟು ವಾರಗಳಲ್ಲಿ ಅದರಲ್ಲಿ ಯಾರು ಕುಳಿತಿದ್ದರೆಂದು ಒಮ್ಮೆಯಾದರೂ ತಲೆ ಎತ್ತಿ ನೋಡಿದ ನೆನಪಿಲ್ಲ. ಒಬ್ಬನೇ ತಿರುಗುವವನು ಕಿಟಕಿಯ ಹೊರಗೆ ನೋಡುವುದು ಹೆಚ್ಚು.

“ನೀನು ಮೊದಲು ಹತ್ತು,” ಎಂದೆ.

ವಿಸ್ಮಿತಾ ಮೆಟ್ಟಿಲಲ್ಲೇ ನಿಂತಳು. ಅವಳ ಭುಜದ ಮೇಲಿಂದ ನಾನು ನೋಡಿದೆ.

ಎರಡನೆಯ ಸಾಲಿನಲ್ಲಿ, ಕಿಟಕಿಯ ಬದಿಗೆ ಸೇಸಮ್ಮ ಕುಳಿತಿದ್ದರು. ಕೆಂಪಂಚಿನ ಹತ್ತಿ ಸೀರೆ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಗಂಟು. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮೂರು ಅಂತಸ್ತಿನ ಸ್ಟೀಲಿನ ಬುತ್ತಿ. ಮೊಮ್ಮಗಳನ್ನು ಅವರು ಕಂಡರು. ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ.

ಅವರು ಬೆಚ್ಚಿಬೀಳುತ್ತಾರೆಂದು ನಾನು ಕಾದೆ. ಅವರು ಸ್ವಲ್ಪ ಆಚೆ ಸರಿದು ಸೀಟಿನಲ್ಲಿ ಜಾಗ ಮಾಡಿದರು.

“ಬಲ, ಕುಳ್ಳು,” ಎಂದರು ತುಳುವಿನಲ್ಲಿ. ಬಾ, ಕೂತುಕೋ ಎಂದು. ಆಮೇಲೆ ಆಡಿದ್ದೂ ತುಳುವಿನಲ್ಲೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಸ್ಮಿತಾ ಕುಳಿತಳು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಅಜ್ಜಿ ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಸೇತುವೆಯ ಬಳಿ ಅಳುತ್ತಾ ನಿಂತಿದ್ದ ಅವರ ಹೆಬ್ಬೆಟ್ಟನ್ನು ಮಹಜರಿನ ಮೇಲೆ ಒತ್ತಿಸಿದ ಪೊಲೀಸನನ್ನು ಅವರು ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ.

ಕಂಡಕ್ಟರ್ ಬಂದ. ಅಜ್ಜಿಯನ್ನು ಕೇಳಲೇ ಇಲ್ಲ, ಮೂಡುಬಿದಿರೆಗೆ ಟಿಕೆಟ್ ಹರಿದು ಕೊಟ್ಟ. “ಇವತ್ತು ಜೊತೆ ಉಂಟಲ್ಲ ಅಜ್ಜಿ,” ಎಂದು ನಕ್ಕು ನಮ್ಮಿಬ್ಬರ ಟಿಕೆಟನ್ನೂ ಕೊಟ್ಟು ಮುಂದೆ ಹೋದ.

ವಿಸ್ಮಿತಾ ಬುತ್ತಿಯ ಮೇಲೆ ಕೈಯಿಟ್ಟಳು. ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಅದು ಇನ್ನೂ ಬಿಸಿಯಿದ್ದಿರಬೇಕು.

“ಇದು ಯಾರಿಗೆ ಅಜ್ಜಿ?”

“ಯಾರಿಗೆ ಅಂತ ತಿಳಿದೇ ಅಲ್ವಾ ಬಂದದ್ದು ನೀನು.”

“ಹಾಗಾದ್ರೆ ಭಾನುವಾರ ಯಾರನ್ನು ಸುಡ್ಲಿಕ್ಕೆ ದರ್ಭೆ ತರಿಸಿದ್ದು?” ಅವಳ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ನಾನು ಹನ್ನೆರಡು ವರ್ಷ ಬಾಗಿಲಿಗೆ ಚಿಲಕ ಹಾಕದೆ ಮಲಗಿದ್ದೇನೆ. ನಿಮಗೆ ಗೊತ್ತಿತ್ತು. ದಿನಾ ನೋಡ್ತಿದ್ದಿರಿ.”

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಬಸ್ಸು ಹಿಂದಕ್ಕೆ ಚಲಿಸಿ, ಹಾರ್ನ್ ಮಾಡಿ, ರಸ್ತೆಗೆ ತಿರುಗಿತು.

“ಆ ಬೊಜ್ಜ ನಾನು ಇಟ್ಟದ್ದಲ್ಲ ಮಗಾ,” ಎಂದರು. “ಕಕ್ಕಿಂಜೆಯವರೆಲ್ಲ ನನ್ನನ್ನು ಕಲ್ಲೆದೆಯವಳು ಅಂತ ಹೇಳ್ತಿದ್ದಾರೆ. ಹೇಳ್ಲಿ. ದಿನ ನೋಡಿ, ಯಾರ್ಯಾರಿಗೆ ಹೇಳಿಕೆ ಕೊಡ್ಬೇಕು ಅಂತ ಬಾಯಿಪಾಠ ಮಾಡಿಸಿದ್ದು ಅವನೇ.”

“ಅಪ್ಪನಾ?”

“ನಿನ್ನ ಅಪ್ಪನೇ. ಅದು ಮುಗಿಯುವವರೆಗೆ ನಿನ್ನನ್ನು ಅವನಿರುವ ಮನೆಯ ಹತ್ರ ತರ್ಬಾರದು ಅಂತ ನನ್ನ ತಲೆ ಮುಟ್ಟಿ ಆಣೆ ಹಾಕಿಸಿದ್ದೂ ಅವನೇ.” ಅವರು ಮೊದಲ ಸಲ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. “ಈಗ ಇವಳನ್ನು ಇಲ್ಲಿಯೇ ಇಳಿಸ್ತೀರಾ ಪೊಲೀಸರೇ, ಅಲ್ಲ ನನ್ನ ಆಣೆ ಮುರೀತೀರಾ?”

ವಿಸ್ಮಿತಾ ಬುತ್ತಿಯನ್ನು ಅಜ್ಜಿಯ ಮಡಿಲಿನಿಂದ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಸ್ಸು ಗುರುವಾಯನಕೆರೆಯ ದಾರಿ ಹಿಡಿದಿತ್ತು.